ಹೈನ್‌ರಿಕ್ ಹರ್ಟ್ಜ್

ಹೈನ್‌ರಿಕ್ ರುಡಾಲ್ಫ್ ಹರ್ಟ್ಜ್ (ಫೆಬ್ರುವರಿ 22, 1857 – ಜನವರಿ 1, 1894) ಜರ್ಮನಿಯ ಭೌತವಿಜ್ಞಾನಿ. ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಅವರ ಸಿದ್ಧಾಂತವು ಸೂಚಿಸಿದ್ದ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಉತ್ಪಾದಿಸಿ, ಅವು ಬೆಳಕಿನಂತೆಯೇ ವರ್ತಿಸುತ್ತವೆ ಎಂದು ನಿರ್ವಿವಾದವಾಗಿ ತೋರಿಸಿಕೊಟ್ಟವರು. ಆವರ್ತನದ ಅಂತರರಾಷ್ಟ್ರೀಯ ಏಕಮಾನವಾದ ಹರ್ಟ್ಜ್ ಅವರ ಹೆಸರನ್ನೇ ಹೊತ್ತಿದೆ. ಬೆಳಕು ಅಲೆಯೆಂಬ ವಾದಕ್ಕೆ ಬಲ ನೀಡಿದ ಇದೇ ಪ್ರಯೋಗಗಳ ನಡುವೆ, 1887ರಲ್ಲಿ, ಅವರು ದ್ಯುತಿವಿದ್ಯುತ್ ಪರಿಣಾಮವನ್ನು ಕಂಡರು. ಆ ವಾದ ಮಾತ್ರದಿಂದ ವಿವರಿಸಲಾಗದ ಈ ಪರಿಣಾಮವು ಮುಂದೆ ಫೋಟಾನಿನ ಕಲ್ಪನೆಗೆ ಆಧಾರವಾಯಿತು. ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸಿ, ಅವು ಬಂದ ಗಳಿಗೆಯನ್ನು ದಾಖಲಿಸುವ ಇಂದಿನ ಏಕ-ಫೋಟಾನ್ ಶೋಧಕ ವ್ಯೂಹಗಳ ಇತಿಹಾಸವೂ ಈ ಶೋಧನೆಯಿಂದಲೇ ಆರಂಭವಾಗುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹರ್ಟ್ಜ್ ಜನಿಸಿದ್ದು ಉತ್ತರ ಜರ್ಮನಿಯ ಬಂದರು ನಗರವಾದ ಹ್ಯಾಂಬರ್ಗ್‌ನಲ್ಲಿ. ತಂದೆ ಗುಸ್ಟಾವ್ ಫರ್ಡಿನಾಂಡ್ ಹರ್ಟ್ಜ್ ವಕೀಲರಾಗಿದ್ದು, ಮುಂದೆ ನಗರದ ಸೆನೆಟ್ ಸದಸ್ಯರಾದರು. ತಾಯಿ ಆನ್ನಾ ಎಲಿಸಬೆತ್ ಫೆಫರ್‌ಕಾರ್ನ್. ತಂದೆಯ ಮನೆತನವು ಮೂಲತಃ ಯಹೂದಿ ಮನೆತನ; ಅಜ್ಜನ ಕಾಲದಲ್ಲಿ ಕುಟುಂಬವು ಲೂಥರನ್ ಕ್ರೈಸ್ತ ಮತವನ್ನು ಸ್ವೀಕರಿಸಿತ್ತು. ಐವರು ಮಕ್ಕಳಲ್ಲಿ ಹೈನ್‌ರಿಕ್ ಹಿರಿಯರು.

ಶಾಲಾ ದಿನಗಳಲ್ಲಿ ಭಾಷೆಗಳಲ್ಲಿಯೂ ಕೈಕೆಲಸದಲ್ಲಿಯೂ ಅವರಿಗೆ ಸಮಾನ ಆಸಕ್ತಿಯಿತ್ತು. ಅರಬ್ಬೀ ಭಾಷೆಯನ್ನು ಕಲಿತರು. ಮರಗೆಲಸ ಮತ್ತು ಕಡಚಲು ಕೆಲಸವನ್ನು ಅಭ್ಯಾಸ ಮಾಡಿ, ತಮ್ಮ ಉಪಕರಣಗಳನ್ನು ತಾವೇ ಮಾಡಿಕೊಳ್ಳುವಷ್ಟು ಪರಿಣತಿ ಪಡೆದರು. ಹುಡುಗ ಪ್ರಾಧ್ಯಾಪಕನಾದ ಸುದ್ದಿ ಕೇಳಿದಾಗ, ಕಡಚಲು ಕಲಿಸಿದ ಗುರು ಒಬ್ಬ ಒಳ್ಳೆಯ ಕುಶಲಕರ್ಮಿ ಕೈತಪ್ಪಿ ಹೋದನೆಂದು ಮರುಗಿದರೆಂಬ ಪ್ರಸಂಗವು ಕುಟುಂಬದ ನೆನಪುಗಳಲ್ಲಿ ಉಳಿದುಬಂದಿದೆ. ಮುಂದಿನ ಸಂಶೋಧನೆಗಳಲ್ಲಿ ಈ ಕೈಚಳಕವು ಅವರ ಗಣಿತಜ್ಞಾನದಷ್ಟೇ ಉಪಯೋಗಕ್ಕೆ ಬಂದಿತು.

1875ರಲ್ಲಿ ಶಾಲಾ ಶಿಕ್ಷಣ ಮುಗಿಸಿದ ಹರ್ಟ್ಜ್ ಎಂಜಿನಿಯರ್ ಆಗಬೇಕೆಂದು ಹೊರಟರು. ಫ್ರಾಂಕ್‌ಫರ್ಟ್‌ನಲ್ಲಿ ಪ್ರಾಯೋಗಿಕ ತರಬೇತಿ, ಡ್ರೆಸ್ಡೆನ್‌ನಲ್ಲಿ ಅಲ್ಪಕಾಲದ ವ್ಯಾಸಂಗ ಮತ್ತು ಒಂದು ವರ್ಷದ ಸೈನಿಕ ಸೇವೆಯ ಬಳಿಕ 1877ರಲ್ಲಿ ಮ್ಯೂನಿಕ್‌ಗೆ ಬಂದರು. ಅಲ್ಲಿ ಅವರ ಮನಸ್ಸು ಎಂಜಿನಿಯರಿಂಗ್‌ನಿಂದ ಶುದ್ಧ ವಿಜ್ಞಾನದ ಕಡೆಗೆ ತಿರುಗಿತು. ತಂದೆಗೆ ಪತ್ರ ಬರೆದು ಒಪ್ಪಿಗೆ ಪಡೆದು ಭೌತವಿಜ್ಞಾನವನ್ನು ಆರಿಸಿಕೊಂಡರು. 1878ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವನ್ನು ಸೇರಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಮತ್ತು ಗುಸ್ಟಾವ್ ಕಿರ್ಖಾಫ್ ಅವರ ಶಿಷ್ಯರಾದರು.

ಬರ್ಲಿನ್ ಮತ್ತು ಕೀಲ್

ಬರ್ಲಿನ್‌ಗೆ ಬಂದ ಸ್ವಲ್ಪ ಕಾಲದಲ್ಲಿಯೇ, ವಿದ್ಯುತ್ಪ್ರವಾಹಕ್ಕೆ ಜಡತ್ವವುಂಟೇ ಎಂಬ ಪ್ರಶ್ನೆಯ ಕುರಿತ ಸ್ಪರ್ಧೆಯಲ್ಲಿ ಹರ್ಟ್ಜ್ ವಿಶ್ವವಿದ್ಯಾಲಯದ ಬಹುಮಾನ ಪಡೆದರು. ತಿರುಗುವ ಗೋಳಗಳಲ್ಲಿ ಉಂಟಾಗುವ ವಿದ್ಯುತ್ಪ್ರೇರಣೆಯನ್ನು ಕುರಿತ ಪ್ರಬಂಧಕ್ಕಾಗಿ 1880ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಅನಂತರ ಮೂರು ವರ್ಷ ಹೆಲ್ಮ್‌ಹೋಲ್ಟ್ಸ್ ಅವರ ಸಹಾಯಕರಾಗಿದ್ದರು.

ಈ ಅವಧಿಯಲ್ಲಿ ಬರ್ಲಿನ್ ವಿಜ್ಞಾನ ಅಕಾಡೆಮಿಯು ಮ್ಯಾಕ್ಸ್‌ವೆಲ್ ಸಿದ್ಧಾಂತದ ಒಂದು ಮುಖ್ಯ ಅಂಶವನ್ನು ಪ್ರಯೋಗದಿಂದ ಪರೀಕ್ಷಿಸಲು ಬಹುಮಾನ ಘೋಷಿಸಿತ್ತು. ಹೆಲ್ಮ್‌ಹೋಲ್ಟ್ಸ್ ತಮ್ಮ ಶಿಷ್ಯನನ್ನು ಅದಕ್ಕೆ ಹುರಿದುಂಬಿಸಿದರು. ಆದರೆ ಆಗ ಲಭ್ಯವಿದ್ದ ಸಾಧನಗಳಿಂದ ಅಗತ್ಯವಿರುವಷ್ಟು ವೇಗದ ವಿದ್ಯುತ್ ಆಂದೋಲನಗಳನ್ನು ಪಡೆಯಲಾಗದೆಂದು ಲೆಕ್ಕ ಹಾಕಿ ಹರ್ಟ್ಜ್ ಹಿಂದೆ ಸರಿದರು. ಏಳು ವರ್ಷಗಳ ಬಳಿಕ ಅದೇ ಪ್ರಶ್ನೆಗೆ ಅವರೇ ಉತ್ತರ ಕಂಡುಕೊಂಡರು.

ಗಾಜಿನ ಎರಡು ಮಸೂರಗಳನ್ನು ಒತ್ತಿ ಹಿಡಿದಾಗ ಅವುಗಳ ನಡುವೆ ಮೂಡುವ ಬಣ್ಣದ ಉಂಗುರಗಳನ್ನು ಪರಿಶೀಲಿಸುತ್ತಿದ್ದಾಗ, ಒತ್ತಡದಿಂದ ಮಸೂರಗಳ ಆಕಾರವೇ ಅತ್ಯಲ್ಪವಾಗಿ ಬದಲಾಗುವುದರತ್ತ ಅವರ ಗಮನ ಹರಿಯಿತು. ಇದರಿಂದ ಹೊರಬಂದ ಸ್ಥಿತಿಸ್ಥಾಪಕ ಸ್ಪರ್ಶ ಸಿದ್ಧಾಂತವು (1881–82) ಬೇರಿಂಗ್‌ಗಳು, ಹಲ್ಲುಚಕ್ರಗಳು, ರೈಲುಗಾಲಿಗಳ ವಿನ್ಯಾಸದಲ್ಲಿ ಇಂದಿಗೂ ಬಳಕೆಯಲ್ಲಿದೆ.

1883ರಲ್ಲಿ ಹರ್ಟ್ಜ್ ಕೀಲ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕರಾದರು. ಅಲ್ಲಿ ಸುಸಜ್ಜಿತ ಪ್ರಯೋಗಶಾಲೆ ಇರಲಿಲ್ಲ. ಹೀಗಾಗಿ ಅವರು ಸೈದ್ಧಾಂತಿಕ ಕೆಲಸದತ್ತ ಹೆಚ್ಚು ಗಮನ ನೀಡಿ, 1884ರಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಕುರಿತ ಮಹತ್ವದ ಲೇಖನವೊಂದನ್ನು ಪ್ರಕಟಿಸಿದರು.

ಕಾರ್ಲ್ಸ್‌ರೂ: ಕಿಡಿಗಳ ಪ್ರಯೋಗ

1885ರಲ್ಲಿ ಹರ್ಟ್ಜ್ ಕಾರ್ಲ್ಸ್‌ರೂ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ, ಅದೇ ವಿದ್ಯಾಲಯದ ಅಧ್ಯಾಪಕರಾದ ಮ್ಯಾಕ್ಸ್ ಡಾಲ್ ಅವರ ಮಗಳು ಎಲಿಸಬೆತ್ ಅವರನ್ನು ವಿವಾಹವಾದರು. ಈ ದಂಪತಿಗೆ ಯೊಹಾನಾ ಮತ್ತು ಮಟಿಲ್ಡಾ ಎಂಬ ಇಬ್ಬರು ಹೆಣ್ಣುಮಕ್ಕಳು.

1886ರಲ್ಲಿ, ಪಾಠಕ್ಕೆಂದು ಇರಿಸಲಾಗಿದ್ದ ಒಂದು ಜೊತೆ ತಂತಿ ಸುರುಳಿಗಳಲ್ಲಿ ಒಂದರ ಮೂಲಕ ವಿದ್ಯುತ್ತನ್ನು ವಿಸರ್ಜಿಸಿದಾಗ, ಮತ್ತೊಂದರ ತುದಿಗಳ ನಡುವೆಯೂ ಕಿಡಿ ಹಾರುವುದನ್ನು ಹರ್ಟ್ಜ್ ಗಮನಿಸಿದರು. ಹಿಂದೆ ಅಸಾಧ್ಯವೆಂದು ಕೈಬಿಟ್ಟಿದ್ದ ವೇಗದ ಆಂದೋಲನಗಳು ಈ ಕಿಡಿಯಲ್ಲಿ ಅಡಗಿವೆಯೆಂದು ಅವರಿಗೆ ಹೊಳೆಯಿತು.

ಇದರ ಆಧಾರದ ಮೇಲೆ ಅವರು ಕಟ್ಟಿದ ಉಪಕರಣದಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು ಪ್ರೇಷಕ. ಎರಡು ತಂತಿಗಳ ಹೊರತುದಿಗಳಲ್ಲಿ ದೊಡ್ಡ ಸತುವಿನ ಗೋಳಗಳನ್ನು ಕೂರಿಸಿ, ಒಳತುದಿಗಳ ನಡುವೆ ಕೆಲವು ಮಿಲಿಮೀಟರ್ ಅಂತರ ಬಿಡಲಾಗಿತ್ತು. ಪ್ರೇರಣಾ ಸುರುಳಿಯಿಂದ ಹೆಚ್ಚಿನ ವೋಲ್ಟೇಜ್ ಹಾಯಿಸಿದಾಗ ಆ ಅಂತರದಲ್ಲಿ ಕಿಡಿ ಸಿಡಿದು, ವಿದ್ಯುದಾವೇಶವು ತಂತಿಗಳ ಉದ್ದಕ್ಕೂ ಅತಿ ವೇಗವಾಗಿ ಹಿಂದೆ ಮುಂದೆ ತೂಗಾಡುತ್ತಿತ್ತು. ಎರಡನೆಯದು ಗ್ರಾಹಕ. ಇದು ಬಳೆಯಂತೆ ಬಾಗಿಸಿದ ತಂತಿ. ಅದರ ಎರಡು ತುದಿಗಳ ನಡುವಿನ ಕೂದಲೆಳೆಯಷ್ಟು ಅಂತರವನ್ನು ತಿರುಪಿನಿಂದ ಹೆಚ್ಚುಕಡಿಮೆ ಮಾಡಬಹುದಾಗಿತ್ತು. ಅಲೆಯು ಬಂದು ತಾಗಿದರೆ ಆ ಅಂತರದಲ್ಲಿ ಮಿಣುಕು ಕಿಡಿಯೊಂದು ಹಾರುತ್ತಿತ್ತು. ಅಲೆಯ ಬಲವನ್ನು ಅಳೆಯಲು ಇದ್ದ ಮಾರ್ಗವೆಂದರೆ, ಕತ್ತಲೆ ಕೋಣೆಯಲ್ಲಿ ಕುಳಿತು, ಎಷ್ಟು ಅಂತರದವರೆಗೆ ಕಿಡಿ ಹಾರುತ್ತದೆಂದು ಬರಿಗಣ್ಣಿನಿಂದ ನೋಡುವುದು.

ಅತಿನೇರಳೆ ಬೆಳಕಿನ ಪರಿಣಾಮ

ಗ್ರಾಹಕದ ಕಿಡಿ ಬಲು ಮಂದವಾಗಿದ್ದುದರಿಂದ ಅದನ್ನು ಚೆನ್ನಾಗಿ ಕಾಣಲೆಂದು ಹರ್ಟ್ಜ್ ಅದರ ಸುತ್ತ ಕಪ್ಪು ಪೆಟ್ಟಿಗೆಯೊಂದನ್ನು ಇರಿಸಿದರು. ಕತ್ತಲೆ ಹೆಚ್ಚಾದಾಗ ಕಿಡಿ ಸ್ಪಷ್ಟವಾಗಿ ಕಾಣಬೇಕಿತ್ತು. ಬದಲಿಗೆ ಕಿಡಿ ಹಾರಬಲ್ಲ ಅಂತರವೇ ಕುಗ್ಗಿತು. ಪೆಟ್ಟಿಗೆಯ ಗೋಡೆಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ, ಪ್ರೇಷಕದ ಕಿಡಿಗೂ ಗ್ರಾಹಕದ ಕಿಡಿಗೂ ನಡುವೆ ಅಡ್ಡವಾಗಿದ್ದ ಗೋಡೆ ಮಾತ್ರ ಇದಕ್ಕೆ ಕಾರಣವೆಂದು ತಿಳಿಯಿತು. ಅಂದರೆ ದೊಡ್ಡ ಕಿಡಿಯಿಂದ ಹೊರಟ ಯಾವುದೋ ಒಂದು ಅಂಶವು ಚಿಕ್ಕ ಕಿಡಿಗೆ ನೆರವಾಗುತ್ತಿತ್ತು.

ಇದು ಅವರು ಹುಡುಕುತ್ತಿದ್ದ ವಿಷಯವಾಗಿರಲಿಲ್ಲ. ಅಳತೆಗೆ ಅಡ್ಡಿಪಡಿಸುವ ತೊಡಕಾಗಿತ್ತು. ಪೆಟ್ಟಿಗೆಯನ್ನು ತೆಗೆದಿರಿಸಿ ಮುಂದುವರಿಯಬಹುದಾಗಿತ್ತು. ಹರ್ಟ್ಜ್ ಹಾಗೆ ಮಾಡಲಿಲ್ಲ. ಅಲೆಗಳ ಕೆಲಸವನ್ನು ಬದಿಗಿರಿಸಿ 1887ರ ಮೊದಲ ತಿಂಗಳುಗಳನ್ನು ಈ ತೊಡಕಿನ ಪರೀಕ್ಷೆಗೇ ಮೀಸಲಿಟ್ಟರು. ಎರಡು ಕಿಡಿಗಳ ನಡುವೆ ನಾನಾ ವಸ್ತುಗಳನ್ನು ಹಿಡಿದು ನೋಡಿದರು. ಲೋಹ ಮತ್ತು ಮರದ ಹಲಗೆಗಳು ಪರಿಣಾಮವನ್ನು ತಡೆದವು. ಕಣ್ಣಿಗೆ ಪಾರದರ್ಶಕವಾದ ಗಾಜು ಕೂಡ ತಡೆಯಿತು. ಆದರೆ ಸ್ಫಟಿಕ ಶಿಲೆ ತಡೆಯಲಿಲ್ಲ. ಸ್ಫಟಿಕದ ಪಟ್ಟಕದಿಂದ ಬೆಳಕನ್ನು ಬಿಡಿಸಿ ರೋಹಿತದ ಉದ್ದಕ್ಕೂ ಗ್ರಾಹಕವನ್ನು ಸರಿಸುತ್ತ ಹೋದಾಗ, ಕಣ್ಣಿಗೆ ಕಾಣುವ ನೇರಳೆಯ ಅಂಚನ್ನು ದಾಟಿದ ಮೇಲೆಯೇ ಪರಿಣಾಮವು ಪ್ರಬಲವಾಗಿತ್ತು. ಹೀಗೆ ಕಾರಣ ಅತಿನೇರಳೆ ಬೆಳಕೆಂಬುದು ನಿಶ್ಚಯವಾಯಿತು. ಅಂತರದ ಋಣ ಧ್ರುವದ ಮೇಲೆ ಬೆಳಕು ಬಿದ್ದಾಗ ಪರಿಣಾಮ ಹೆಚ್ಚೆಂಬುದನ್ನೂ ಅವರು ಗುರುತಿಸಿದರು.

ಈ ಪ್ರಯೋಗಗಳ ವರದಿಯನ್ನು ಹರ್ಟ್ಜ್ 1887ರಲ್ಲಿ ಪ್ರಕಟಿಸಿದರು. ಕಂಡದ್ದನ್ನು ಕ್ರಮವಾಗಿ ಹೇಳಿ, ಅದಕ್ಕೆ ಯಾವ ಸಿದ್ಧಾಂತವನ್ನೂ ಮುಂದಿಡದೆ ಲೇಖನವನ್ನು ಮುಗಿಸಿದರು. ಆಗ ಎಲೆಕ್ಟ್ರಾನ್ ಇನ್ನೂ ಪತ್ತೆಯಾಗಿರಲಿಲ್ಲವಾದ್ದರಿಂದ, ಸರಿಯಾದ ವಿವರಣೆಗೆ ಬೇಕಾದ ಪರಿಕಲ್ಪನೆಗಳೇ ಇರಲಿಲ್ಲ. ಅನಂತರ ಅವರು ಮತ್ತೆ ಅಲೆಗಳ ಅಧ್ಯಯನಕ್ಕೆ ಮರಳಿದರು.

ಅಲೆಗಳ ಸ್ಥಾಪನೆ

1887ರ ಕೊನೆಯಿಂದ 1888ರವರೆಗಿನ ಅವಧಿಯಲ್ಲಿ ಹರ್ಟ್ಜ್ ತಮ್ಮ ಮುಖ್ಯ ಫಲಿತಾಂಶಗಳನ್ನು ಪಡೆದರು. ಉಪನ್ಯಾಸದ ಕೊಠಡಿಯ ಒಂದು ಗೋಡೆಗೆ ಸತುವಿನ ದೊಡ್ಡ ತಗಡನ್ನು ಹೊಡೆದು, ಪ್ರೇಷಕದ ಅಲೆ ಅದಕ್ಕೆ ಬಡಿದು ಹಿಂದಿರುಗುವಂತೆ ಮಾಡಿದರು. ಹೋಗುವ ಅಲೆಯೂ ಬರುವ ಅಲೆಯೂ ಕೂಡಿ ಸ್ಥಾಯೀ ಅಲೆಯುಂಟಾಯಿತು. ಗ್ರಾಹಕವನ್ನು ಹಿಡಿದು ಕೊಠಡಿಯಲ್ಲಿ ನಡೆದಾಗ ಕೆಲವೆಡೆ ಕಿಡಿ ಬಲವಾಗಿಯೂ ಕೆಲವೆಡೆ ಶೂನ್ಯವಾಗಿಯೂ ಇತ್ತು. ಈ ಸ್ಥಾನಗಳ ನಡುವಿನ ದೂರದಿಂದ ಅಲೆಯುದ್ದವನ್ನು ಅಳೆದರು. ಆಂದೋಲನದ ಅವಧಿಯನ್ನು ಲೆಕ್ಕದಿಂದ ಪಡೆದು ವೇಗವನ್ನು ಅಂದಾಜಿಸಿದರು. ಈ ಲೆಕ್ಕದಲ್ಲಿ 2ರ ವರ್ಗಮೂಲದಷ್ಟು ವ್ಯತ್ಯಾಸ ನುಸುಳಿರುವುದನ್ನು ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆ ಬಳಿಕ ತೋರಿಸಿಕೊಟ್ಟರು. ಆದರೆ ಅಲೆಗಳು ಸೀಮಿತ ವೇಗದಿಂದ ಚಲಿಸುತ್ತವೆ ಎಂಬ ಮೂಲ ನಿರ್ಣಯಕ್ಕೆ ಇದರಿಂದ ಭಂಗ ಬರಲಿಲ್ಲ.

ಮುಂದೆ ಸುಮಾರು 66 ಸೆಂಟಿಮೀಟರ್ ಉದ್ದದ ಅಲೆಗಳನ್ನು ಬಳಸಿ, ಬೆಳಕಿನ ಪ್ರತಿಯೊಂದು ಗುಣವನ್ನೂ ಅವುಗಳಲ್ಲಿ ಹುಡುಕಿದರು. ಬಾಗಿಸಿದ ಸತುವಿನ ಕನ್ನಡಿಗಳಿಂದ ಪ್ರತಿಫಲನವನ್ನು ತೋರಿಸಿದರು. 600 ಕಿಲೋಗ್ರಾಂಗೂ ಹೆಚ್ಚು ತೂಕದ ಡಾಂಬರಿನಂತಹ ರಾಳದ ಪಟ್ಟಕವನ್ನು ಎರಕಹೊಯ್ದು ವಕ್ರೀಭವನವನ್ನು ತೋರಿಸಿದರು. ಸಮಾನಾಂತರ ತಂತಿಗಳ ಚೌಕಟ್ಟಿನಿಂದ ಧ್ರುವೀಕರಣವನ್ನು ತೋರಿಸಿದರು. 1888ರ ಡಿಸೆಂಬರ್‌ನಲ್ಲಿ ಈ ಫಲಿತಾಂಶಗಳು ಬರ್ಲಿನ್ ಅಕಾಡೆಮಿಯ ಮುಂದೆ ಬಂದವು. ಬೆಳಕು ಮತ್ತು ವಿದ್ಯುತ್ ಅಲೆಗಳು ಒಂದೇ ಜಾತಿಯವು ಎಂಬ ಮ್ಯಾಕ್ಸ್‌ವೆಲ್ ಅವರ ಮಾತು ಇದರಿಂದ ದೃಢವಾಯಿತು.

ಈ ಅಲೆಗಳಿಂದ ದೂರವಾಣಿ ಮಾತನ್ನು ಸಾಗಿಸಬಹುದೇ ಎಂದು ಎಂಜಿನಿಯರ್ ಒಬ್ಬರು 1889ರಲ್ಲಿ ಪತ್ರ ಬರೆದು ಕೇಳಿದ್ದರು. ಮಾತಿನ ಕಂಪನಗಳು ತೀರ ನಿಧಾನವಾದುದರಿಂದ, ಅವುಗಳಿಗೆ ತಕ್ಕ ಅಲೆಯನ್ನು ಕೇಂದ್ರೀಕರಿಸಲು ಖಂಡದಷ್ಟು ದೊಡ್ಡ ಕನ್ನಡಿ ಬೇಕಾದೀತೆಂದು ಹರ್ಟ್ಜ್ ಉತ್ತರಿಸಿದರು. ವೇಗದ ಅಲೆಯ ಮೇಲೆ ನಿಧಾನದ ಮಾತನ್ನು ಹೇರುವ ವಿಧಾನ ಆಗ ತಿಳಿದಿರಲಿಲ್ಲ. ಅವರ ಮರಣಾನಂತರ ಗುಗ್ಲಿಯೆಲ್ಮೊ ಮಾರ್ಕೋನಿ ಈ ಅಲೆಗಳನ್ನು ತಂತಿರಹಿತ ಸಂದೇಶಕ್ಕೆ ಬಳಸಿದರು. ಭಾರತದಲ್ಲಿ ಜಗದೀಶ ಚಂದ್ರ ಬೋಸ್ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇವೇ ಅಲೆಗಳನ್ನು ಕೆಲವೇ ಮಿಲಿಮೀಟರ್ ಉದ್ದಕ್ಕೆ ಇಳಿಸಿ ಅಭ್ಯಸಿಸಿದರು.

ಬಾನ್ ಮತ್ತು ಕ್ಯಾಥೋಡ್ ಕಿರಣಗಳು

1889ರಲ್ಲಿ ಹರ್ಟ್ಜ್, ರುಡಾಲ್ಫ್ ಕ್ಲಾಸಿಯಸ್ ಅವರ ನಿಧನದಿಂದ ತೆರವಾಗಿದ್ದ ಬಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಥಾನಕ್ಕೆ ಬಂದರು. ಅಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ಸರಳ ಮತ್ತು ಸಮಮಿತ ರೂಪವನ್ನು ಕೊಟ್ಟರು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಕೂಡ ಸ್ವತಂತ್ರವಾಗಿ ಇಂತಹದೇ ರೂಪವನ್ನು ತಲುಪಿದ್ದರು. 1890ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಹರ್ಟ್ಜ್ ಅವರಿಗೆ ರಮ್‌ಫರ್ಡ್ ಪದಕವನ್ನು ನೀಡಿತು.

ನಿರ್ವಾತ ನಳಿಕೆಗಳಲ್ಲಿ ಕಾಣುವ ಕ್ಯಾಥೋಡ್ ಕಿರಣಗಳ ವಿಷಯದಲ್ಲಿ ಅವರ ನಿರ್ಣಯ ಸರಿಯಾಗಿರಲಿಲ್ಲ. 1883ರ ಪ್ರಯೋಗದಲ್ಲಿ, ವಿದ್ಯುತ್ ಫಲಕಗಳ ನಡುವೆ ಈ ಕಿರಣಗಳು ಬಾಗದಿರುವುದನ್ನು ಕಂಡು, ಅವು ವಿದ್ಯುದಾವಿಷ್ಟ ಕಣಗಳಲ್ಲವೆಂದು ತೀರ್ಮಾನಿಸಿದ್ದರು. 1892ರಲ್ಲಿ ತೆಳುವಾದ ಲೋಹದ ಹಾಳೆಯನ್ನು ಆ ಕಿರಣಗಳು ದಾಟುವುದನ್ನು ಕಂಡಾಗ ಆ ನಂಬಿಕೆ ಇನ್ನಷ್ಟು ಬಲವಾಯಿತು. 1897ರಲ್ಲಿ ಜೆ. ಜೆ. ಥಾಮ್ಸನ್ ಇನ್ನೂ ಉತ್ತಮ ನಿರ್ವಾತದಲ್ಲಿ ಪ್ರಯೋಗವನ್ನು ಪುನರಾವರ್ತಿಸಿ, ಕಿರಣಗಳು ಬಾಗುತ್ತವೆಂದೂ ಅವು ಎಲೆಕ್ಟ್ರಾನ್‌ಗಳ ಧಾರೆಯೆಂದೂ ತೋರಿಸಿದರು. ನಳಿಕೆಯಲ್ಲಿ ಉಳಿದಿದ್ದ ಅನಿಲವು ಹರ್ಟ್ಜ್ ಅವರ ಫಲಿತಾಂಶವನ್ನು ಮರೆಮಾಡಿತ್ತು. ಅವರು ಕಂಡಿದ್ದ ಅತಿನೇರಳೆ ಬೆಳಕಿನ ಪರಿಣಾಮಕ್ಕೂ ಇದೇ ಎಲೆಕ್ಟ್ರಾನ್ ಕಾರಣವೆಂದು 1899ರ ವೇಳೆಗೆ ತಿಳಿದುಬಂದಿತು.

ಅನಾರೋಗ್ಯ ಮತ್ತು ಮರಣ

1892ರಲ್ಲಿ ಹರ್ಟ್ಜ್ ಅವರಿಗೆ ತೀವ್ರ ತಲೆನೋವು ಮತ್ತು ಸೋಂಕು ಕಾಣಿಸಿಕೊಂಡಿತು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾದರೂ ಪೂರ್ಣ ಗುಣವಾಗಲಿಲ್ಲ. ಈ ನೋವಿನ ನಡುವೆಯೇ ಯಂತ್ರಶಾಸ್ತ್ರದ ಮೂಲತತ್ತ್ವಗಳನ್ನು ಕುರಿತ ಗ್ರಂಥವನ್ನು ಬರೆದು ಮುಗಿಸಿದರು. ಬಲವನ್ನು ಮೂಲಭೂತ ಪರಿಕಲ್ಪನೆಯಾಗಿ ಬಳಸದೆ ಯಂತ್ರಶಾಸ್ತ್ರವನ್ನು ಕಟ್ಟುವ ಈ ಪ್ರಯತ್ನವು ಮುಂದೆ ತತ್ತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಅವರ ಗಮನವನ್ನೂ ಸೆಳೆಯಿತು. 1894ರ ಜನವರಿ 1ರಂದು ಹರ್ಟ್ಜ್ ಬಾನ್‌ನಲ್ಲಿ ನಿಧನರಾದರು. ಆಗ ಅವರಿಗೆ 36 ವರ್ಷ. ಹಿರಿಯ ಮಗಳಿಗೆ ಆರು, ಕಿರಿಯಳಿಗೆ ಇನ್ನೂ ಎರಡು ವರ್ಷವಾಗಿತ್ತು. ಅವರ ಸಮಾಧಿ ಹ್ಯಾಂಬರ್ಗ್‌ನ ಓಲ್ಸ್‌ಡಾರ್ಫ್ ರುದ್ರಭೂಮಿಯಲ್ಲಿದೆ. ಯಂತ್ರಶಾಸ್ತ್ರದ ಗ್ರಂಥವನ್ನು ಅವರ ಸಹಾಯಕ ಫಿಲಿಪ್ ಲೆನಾರ್ಡ್ ಸಂಪಾದಿಸಿದರು. ಗುರು ಹೆಲ್ಮ್‌ಹೋಲ್ಟ್ಸ್ ಮುನ್ನುಡಿ ಬರೆದರು. ಗ್ರಂಥವು 1894ರಲ್ಲಿ ಪ್ರಕಟವಾಯಿತು. ಹೆಲ್ಮ್‌ಹೋಲ್ಟ್ಸ್ ಕೂಡ ಅದೇ ವರ್ಷ ತೀರಿಕೊಂಡರು.

ಅತಿನೇರಳೆ ಪರಿಣಾಮದ ಅರ್ಥ

ಹರ್ಟ್ಜ್ ವಿವರಣೆ ನೀಡದೆ ಬಿಟ್ಟಿದ್ದ ಪರಿಣಾಮವನ್ನು ಇತರರು ಬೇಗನೆ ಕೈಗೆತ್ತಿಕೊಂಡರು. 1888ರಲ್ಲಿ ವಿಲ್‌ಹೆಲ್ಮ್ ಹಾಲ್ವಾಕ್ಸ್, ಋಣ ಆವೇಶವಿರುವ ಶುಭ್ರ ಸತುವಿನ ಫಲಕದ ಮೇಲೆ ಅತಿನೇರಳೆ ಬೆಳಕು ಬಿದ್ದರೆ ಆವೇಶ ಸೋರಿಹೋಗುವುದನ್ನು ತೋರಿಸಿದರು. ಇಟಲಿಯ ಆಗಸ್ಟೊ ರೀಗಿ ಮತ್ತು ರಷ್ಯದ ಅಲೆಕ್ಸಾಂಡರ್ ಸ್ಟೊಲೆಟೋವ್ ಕೂಡ ಇದನ್ನು ಅಭ್ಯಸಿಸಿದರು. 1902ರಲ್ಲಿ ಲೆನಾರ್ಡ್ ಒಂದು ವಿಚಿತ್ರವನ್ನು ಕಂಡರು. ಬೆಳಕಿನ ತೀವ್ರತೆಯನ್ನು ಹೆಚ್ಚಿಸಿದರೆ ಹೊರಬರುವ ಎಲೆಕ್ಟ್ರಾನ್‌ಗಳ ಸಂಖ್ಯೆ ಹೆಚ್ಚುತ್ತದೆ, ಆದರೆ ಒಂದೊಂದರ ಗರಿಷ್ಠ ಶಕ್ತಿ ಹೆಚ್ಚುವುದಿಲ್ಲ. ಬೆಳಕು ನಿರಂತರ ಅಲೆ ಮಾತ್ರವೇ ಆಗಿದ್ದರೆ ಹೀಗಾಗಬಾರದು.

1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್, ಬೆಳಕಿನ ಶಕ್ತಿಯು ಬಿಡಿಬಿಡಿ ಪೊಟ್ಟಣಗಳಾಗಿ ಹೀರಲ್ಪಡುತ್ತದೆ ಎಂಬ ಊಹೆಯಿಂದ ಇದನ್ನು ವಿವರಿಸಿದರು. ಪೊಟ್ಟಣದ ಶಕ್ತಿ ಬೆಳಕಿನ ಆವರ್ತನವನ್ನು ಅವಲಂಬಿಸಿರುತ್ತದೆ. ಒಂದು ಪೊಟ್ಟಣವು ಒಂದು ಎಲೆಕ್ಟ್ರಾನನ್ನು ಹೊರಹಾಕುತ್ತದೆ. ರಾಬರ್ಟ್ ಮಿಲಿಕನ್ ಈ ಊಹೆಯನ್ನು ಒಪ್ಪದಿದ್ದರೂ, 1914–16ರ ಅವರದೇ ಅಳತೆಗಳು ಐನ್‌ಸ್ಟೈನರ ಸಮೀಕರಣವನ್ನು ಸಮರ್ಥಿಸಿದವು. ಈ ನಿಯಮಕ್ಕಾಗಿಯೇ ಐನ್‌ಸ್ಟೈನರಿಗೆ 1921ರ ನೊಬೆಲ್ ಪ್ರಶಸ್ತಿ ಸಂದಿತು. ಬೆಳಕಿನ ಪೊಟ್ಟಣಕ್ಕೆ ಫೋಟಾನ್ ಎಂಬ ಹೆಸರು ಬಳಕೆಗೆ ಬಂದುದು 1920ರ ದಶಕದಲ್ಲಿ.

ಕಿಡಿಯಿಂದ ಏಕ-ಫೋಟಾನ್ ಶೋಧಕ ವ್ಯೂಹದವರೆಗೆ

ದ್ಯುತಿವಿದ್ಯುತ್ ಪರಿಣಾಮವು ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನಗಳಿಗೆ ದಾರಿ ಮಾಡಿತು. 1890ರ ದಶಕದಲ್ಲಿ ಜರ್ಮನಿಯ ಯೂಲಿಯಸ್ ಎಲ್‌ಸ್ಟರ್ ಮತ್ತು ಹಾನ್ಸ್ ಗೈಟೆಲ್ ದ್ಯುತಿಕೋಶವನ್ನು ರೂಪಿಸಿದರು. 1930ರ ದಶಕದಲ್ಲಿ ಫೋಟೊಮಲ್ಟಿಪ್ಲೈಯರ್ ನಳಿಕೆ ಬಂದಿತು. ಇದರಲ್ಲಿ ಫೋಟಾನೊಂದು ಬಿಡಿಸಿದ ಒಂಟಿ ಎಲೆಕ್ಟ್ರಾನ್ ಹಂತಹಂತವಾಗಿ ಲಕ್ಷಾಂತರ ಎಲೆಕ್ಟ್ರಾನ್‌ಗಳಾಗಿ ಬೆಳೆಯುವುದರಿಂದ, ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸುವುದು ಸಾಧ್ಯವಾಯಿತು. ಎಣಿಸುವುದರ ಜೊತೆಗೆ ಪ್ರತಿಯೊಂದು ಫೋಟಾನ್ ಬಂದ ಸಮಯವನ್ನೂ ದಾಖಲಿಸುವ ವಿಧಾನವನ್ನು 1961ರಲ್ಲಿ ಬಾಲಿಂಜರ್ ಮತ್ತು ಥಾಮಸ್ ಪ್ರಕಟಿಸಿದರು. ವಸ್ತುವಿನ ಮೇಲೆ ಬೆಳಕಿನ ಸ್ಪಂದಗಳನ್ನು ಮತ್ತೆ ಮತ್ತೆ ಹಾಯಿಸಿ, ಪ್ರತಿ ಸ್ಪಂದದ ಬಳಿಕ ಬರುವ ಒಂಟಿ ಫೋಟಾನಿನ ತಡವನ್ನು ಗುರುತಿಸುತ್ತ ಹೋದರೆ, ಬೆಳಕು ಮೂಡಿ ಮಾಸುವ ಪೂರ್ಣ ಚಿತ್ರ ದೊರೆಯುತ್ತದೆ. ಕಾಲಾನುಗುಣ ರೋಹಿತದರ್ಶನದ ಒಂದು ಪ್ರಮುಖ ವಿಧಾನ ಇದು.

ನಳಿಕೆಯ ಸ್ಥಾನದಲ್ಲಿ ಅರೆವಾಹಕವನ್ನು ತಂದುದು ಮುಂದಿನ ಹೆಜ್ಜೆ. ಸಿಲಿಕಾನ್ ಡಯೋಡಿಗೆ ಅದು ತಡೆಯಬಲ್ಲ ಮಿತಿಗಿಂತ ತುಸು ಹೆಚ್ಚಿನ ವಿರುದ್ಧ ವೋಲ್ಟೇಜನ್ನು ಕೊಟ್ಟರೆ, ಅದು ಕ್ಷಣಕಾಲ ಶಾಂತವಾಗಿದ್ದರೂ ಯಾವ ಗಳಿಗೆಯಲ್ಲಾದರೂ ಪ್ರವಾಹ ನುಗ್ಗಲು ಸಿದ್ಧವಾಗಿರುತ್ತದೆ. ಒಂದು ಫೋಟಾನ್ ಬಿದ್ದು ಒಂದು ಎಲೆಕ್ಟ್ರಾನ್ ಬಿಡುಗಡೆಯಾದರೆ ಸಾಕು. ಅದು ಇತರ ಎಲೆಕ್ಟ್ರಾನ್‌ಗಳನ್ನು ಬಡಿದೆಬ್ಬಿಸಿ ಪ್ರವಾಹವು ಹಿಮಪಾತದಂತೆ ಬೆಳೆಯುತ್ತದೆ. ಇಲ್ಲಿ ಎಲೆಕ್ಟ್ರಾನ್ ಲೋಹದಿಂದ ಹೊರಬೀಳುವುದಿಲ್ಲ, ಹರಳಿನೊಳಗೇ ಬಿಡುಗಡೆಯಾಗುತ್ತದೆ. ಹೀಗಾಗಿ ಇದು ದ್ಯುತಿವಿದ್ಯುತ್ ಪರಿಣಾಮದ ಆಂತರಿಕ ರೂಪ. ಹರ್ಟ್ಜ್ ಅವರ ಗ್ರಾಹಕದೊಡನೆ ಇದಕ್ಕಿರುವ ಹೋಲಿಕೆ ಗಮನಾರ್ಹ. ಅಲ್ಲಿಯೂ ಸಿಡಿಯುವ ಅಂಚಿನಲ್ಲಿದ್ದ ಅಂತರವೊಂದನ್ನು ಬೆಳಕು ಬಿಡಿಸಿದ ಎಲೆಕ್ಟ್ರಾನ್‌ಗಳು ಕಿಡಿಯಾಗಿಸುತ್ತಿದ್ದವು. ಎರಡರ ನಡುವಿನ ಕೊಂಡಿಯಾಗಿ 1928ರ ಗೈಗರ್–ಮ್ಯುಲ್ಲರ್ ಎಣಿಕೆ ನಳಿಕೆ ಇದೆ. ಡಯೋಡಿನ ಈ ಕಾರ್ಯರೀತಿಯನ್ನು ಗೈಗರ್ ರೀತಿ ಎಂದೇ ಕರೆಯುತ್ತಾರೆ. ಒಮ್ಮೆ ಆರಂಭವಾದ ಪ್ರವಾಹವನ್ನು ತಕ್ಷಣ ನಿಲ್ಲಿಸಿ ಡಯೋಡನ್ನು ಮುಂದಿನ ಫೋಟಾನಿಗೆ ಅಣಿಗೊಳಿಸುವ ಮಂಡಲಗಳನ್ನು ಇಟಲಿಯ ಮಿಲಾನ್ ಪಾಲಿಟೆಕ್ನಿಕ್‌ನ ಸೆರ್ಜೊ ಕೋವಾ ಅವರು 1970ರ ದಶಕದಿಂದ ಅಭಿವೃದ್ಧಿಪಡಿಸಿದರು.

ಒಂಟಿ ಶೋಧಕದಿಂದ ಚಿತ್ರ ಪಡೆಯಬೇಕಾದರೆ ವಸ್ತುವನ್ನು ಬಿಂದು ಬಿಂದುವಾಗಿ ಸ್ಕ್ಯಾನ್ ಮಾಡಬೇಕು. 2000ದ ದಶಕದ ಆರಂಭದಲ್ಲಿ, ಕಂಪ್ಯೂಟರ್ ಚಿಪ್ ತಯಾರಿಸುವ ಸಾಮಾನ್ಯ ವಿಧಾನದಿಂದಲೇ ಇಂತಹ ಡಯೋಡ್‌ಗಳನ್ನು ಮಾಡಲು ಸಾಧ್ಯವಾದಾಗ, ಅವುಗಳನ್ನು ಸಾಲುಸಾಲಾಗಿ ಜೋಡಿಸಿದ ವ್ಯೂಹಗಳು ಬಂದವು. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಸಂಶೋಧಕರು ಈ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿದ್ದರು. ಇಂತಹ ವ್ಯೂಹದಲ್ಲಿ ಪ್ರತಿಯೊಂದು ಬಿಂದುವೂ ತನ್ನದೇ ಶೋಧಕವಾಗಿರುತ್ತದೆ. ಹಲವು ವಿನ್ಯಾಸಗಳಲ್ಲಿ ಸಮಯ ಅಳೆಯುವ ಮಂಡಲವೂ ಅದೇ ಚಿಪ್‌ನಲ್ಲಿರುತ್ತದೆ. 2020ರಲ್ಲಿ ಸುಮಾರು ಹತ್ತು ಲಕ್ಷ ಬಿಂದುಗಳ ವ್ಯೂಹವೊಂದು ಪ್ರಕಟವಾಯಿತು.

ಈ ವ್ಯೂಹಗಳ ಉಪಯೋಗಗಳು ಹಲವು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಆದ್ದರಿಂದ ಹೋಗಿ ಬಂದ ಬೆಳಕಿನ ಸಮಯವನ್ನು 100 ಪಿಕೊಸೆಕೆಂಡಿನಷ್ಟು ನಿಖರವಾಗಿ ಅಳೆದರೆ ದೂರವು ಸುಮಾರು 1.5 ಸೆಂಟಿಮೀಟರ್ ಸೂಕ್ಷ್ಮತೆಯಲ್ಲಿ ತಿಳಿಯುತ್ತದೆ. ಜೀವಕೋಶಗಳಲ್ಲಿನ ಅಣುಗಳ ಪ್ರತಿದೀಪ್ತಿಯು ಸಾಮಾನ್ಯವಾಗಿ ಕೆಲವು ನ್ಯಾನೊಸೆಕೆಂಡುಗಳಲ್ಲಿ ಮಾಸುತ್ತದೆ. ಅದು ಮಾಸುವ ವೇಗವು ಅಣುವಿನ ಪರಿಸರಕ್ಕೆ ತಕ್ಕಂತೆ ಬದಲಾಗುವುದರಿಂದ, ಒಂದೇ ಬಣ್ಣದಲ್ಲಿ ಬೆಳಗುವ ಭಾಗಗಳನ್ನೂ ಬೇರ್ಪಡಿಸಿ ನೋಡಬಹುದು. ಬೆಂಗಳೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಸಿ. ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ರಾಮನ್ ಚದರಿಕೆಯ ಅಧ್ಯಯನಕ್ಕೂ ಇವು ನೆರವಾಗಿವೆ. ರಾಮನ್ ಬೆಳಕು ಬಲು ಕ್ಷೀಣ. ಅನೇಕ ವಸ್ತುಗಳಲ್ಲಿ ಪ್ರತಿದೀಪ್ತಿಯು ಅದನ್ನು ಮುಳುಗಿಸಿಬಿಡುತ್ತದೆ. ಆದರೆ ಚದರಿದ ಬೆಳಕು ತಕ್ಷಣ ಬರುತ್ತದೆ, ಪ್ರತಿದೀಪ್ತಿ ತಡವಾಗಿ ಬರುತ್ತದೆ. ಮೊದಲ ಗಳಿಗೆಯ ಫೋಟಾನ್‌ಗಳನ್ನು ಮಾತ್ರ ಎಣಿಸಿದರೆ ಪ್ರತಿದೀಪ್ತಿಯ ಬಹುಪಾಲು ಹೊರಗುಳಿಯುತ್ತದೆ.

ಇವುಗಳಿಗೆ ಮಿತಿಗಳೂ ಇವೆ. ಬೆಳಕಿಲ್ಲದಿದ್ದರೂ ಶಾಖದಿಂದ ಬಿಡುಗಡೆಯಾದ ಎಲೆಕ್ಟ್ರಾನ್ ಸುಳ್ಳು ಎಣಿಕೆಯನ್ನು ಉಂಟುಮಾಡುತ್ತದೆ. ಪ್ರತಿ ಎಣಿಕೆಯ ಬಳಿಕ ಸ್ವಲ್ಪ ಕಾಲ ಶೋಧಕವು ಕುರುಡಾಗಿರುತ್ತದೆ. ಪ್ರತಿ ಬಿಂದುವಿನಲ್ಲಿ ಮಂಡಲಗಳಿಗೆ ಜಾಗ ಬಿಟ್ಟಷ್ಟೂ ಬೆಳಕು ಹಿಡಿಯುವ ಜಾಗ ಕಡಿಮೆಯಾಗುತ್ತದೆ.

ಕುಟುಂಬ ಮತ್ತು ನಾಜಿ ಆಡಳಿತ

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ, ತೀರಿಕೊಂಡು ನಾಲ್ಕು ದಶಕಗಳಾಗಿದ್ದ ಹರ್ಟ್ಜ್ ಅವರ ಯಹೂದಿ ಮೂಲವನ್ನು ಕೆದಕಲಾಯಿತು. ಹ್ಯಾಂಬರ್ಗ್ ನಗರ ಸಭಾಭವನದಲ್ಲಿದ್ದ ಅವರ ಭಾವಚಿತ್ರವನ್ನು ತೆಗೆದುಹಾಕಲಾಯಿತು. ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸುತ್ತಿದ್ದ ಜೀವವಿಜ್ಞಾನಿ ಮಟಿಲ್ಡಾ ಹರ್ಟ್ಜ್ ಬೋಧನೆಯ ಅಧಿಕಾರವನ್ನು ಕಳೆದುಕೊಂಡರು. ಮ್ಯಾಕ್ಸ್ ಪ್ಲಾಂಕ್ ಅವರ ಪರವಾಗಿ ಪ್ರಯತ್ನಿಸಿದರಾದರೂ ಅವರು ಜರ್ಮನಿಯಲ್ಲಿ ಉಳಿಯಲಾಗಲಿಲ್ಲ. 1930ರ ದಶಕದ ಮಧ್ಯಭಾಗದಲ್ಲಿ ಹರ್ಟ್ಜ್ ಅವರ ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳು ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನಲ್ಲಿ ನೆಲೆಸಿದರು. ಹರ್ಟ್ಜ್ ಅವರ ಕೊನೆಯ ಗ್ರಂಥವನ್ನು ಸಂಪಾದಿಸಿದ್ದ ಲೆನಾರ್ಡ್ ಈ ವೇಳೆಗೆ ಯಹೂದಿ ವಿಜ್ಞಾನಿಗಳನ್ನು ವಿರೋಧಿಸುವ ಆರ್ಯ ಭೌತವಿಜ್ಞಾನ ಚಳವಳಿಯ ಮುಂದಾಳಾಗಿದ್ದರು.

ಗೌರವ ಮತ್ತು ಸ್ಮರಣೆ

1930ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ಸೆಕೆಂಡಿಗೆ ಒಂದು ಆವರ್ತವೆಂಬ ಏಕಮಾನಕ್ಕೆ ಹರ್ಟ್ಜ್ ಎಂಬ ಹೆಸರನ್ನು ಸ್ವೀಕರಿಸಿತು. 1960ರಲ್ಲಿ ತೂಕ ಮತ್ತು ಅಳತೆಗಳ ಸಾರ್ವತ್ರಿಕ ಸಮ್ಮೇಳನವೂ ಇದನ್ನು ಅಂಗೀಕರಿಸಿತು. ಚಂದ್ರನ ಮೇಲಿನ ಒಂದು ಕುಳಿಗೂ, ಹ್ಯಾಂಬರ್ಗ್‌ನ ದೂರಸಂಪರ್ಕ ಗೋಪುರಕ್ಕೂ, ಬರ್ಲಿನ್‌ನ ಸಂಶೋಧನಾ ಸಂಸ್ಥೆಯೊಂದಕ್ಕೂ ಅವರ ಹೆಸರಿದೆ. ಅವರ ಸೋದರನ ಮಗ ಗುಸ್ಟಾವ್ ಲುಡ್ವಿಗ್ ಹರ್ಟ್ಜ್ ಅವರಿಗೆ, ಎಲೆಕ್ಟ್ರಾನ್‌ಗಳು ಪರಮಾಣುಗಳಿಗೆ ಬಡಿದಾಗ ಶಕ್ತಿಯು ನಿಗದಿತ ಪ್ರಮಾಣಗಳಲ್ಲಿಯೇ ವರ್ಗವಾಗುವುದನ್ನು ತೋರಿಸಿದ್ದಕ್ಕಾಗಿ, ಜೇಮ್ಸ್ ಫ್ರಾಂಕ್ ಅವರೊಡನೆ 1925ರ ನೊಬೆಲ್ ಪ್ರಶಸ್ತಿ ದೊರೆಯಿತು.